ಮಲಗಿದಷ್ಟೂ ಹೆಚ್ಚುವ ಬೆನ್ನುನೋವು

ನನ್ನ ಕಾಯಿಲೆಯ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನೆಲುಬಿನ ಕೀಲುಗಳಲ್ಲಿ ಉರಿಯೂತವಾಗಿ ಬೆನ್ನು ಬಿಗಿಯುವ ಕಾಯಿಲೆ. ಮಗಳು ಹುಟ್ಟಿದ ಮರುವರ್ಷ ಶುರುವಾದ ನೋವಿಗೆ ಈ ಹೆಸರು ಸಿಕ್ಕಿದ್ದು ಅವಳು ಎರಡನೇ ತರಗತಿಗೆ ಹೋಗತೊಡಗಿದ ಮೇಲೆ. ಹೆಸರು ಸಿಕ್ಕ ಬಳಿಕ ಸರಿಯಾದ ಔಷಧಿ ಕೈಗೆ ಬರುವುದಕ್ಕೆ ಮತ್ತೊಂದು ಮಳೆಗಾಲ ಕಳೆಯಿತು. ವಿಮೆಯವರ ಹಣ ಬಂದದ್ದು ಹೋದ ತಿಂಗಳು. ಆಸ್ಪತ್ರೆಯ ಕಡತವನ್ನು ಅಟ್ಟಕ್ಕೆ ಸೇರಿಸುವ ಮುನ್ನ, ಇದೇ ದಾರಿಯಲ್ಲಿ ಈಗ ಹೊರಟಿರುವವರಿಗಾಗಿ ಇಷ್ಟನ್ನು ಬರೆದಿಡುತ್ತಿದ್ದೇನೆ. ನಾನು ವೈದ್ಯೆಯಲ್ಲ. ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮನೆ, ಒಂದಿಷ್ಟು ಅಡಿಕೆ ತೋಟ, ಪೇಟೆಯ ಸಹಕಾರಿ ಬ್ಯಾಂಕಿನಲ್ಲಿ ಕೌಂಟರಿನ ಕೆಲಸ. ಯಾವ ಔಷಧಿ, ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಅವರ ಎದುರು ಕುಳಿತಾಗ ನೀವು ಏನು ಹೇಳಬೇಕು ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಮೊದಲು ಬಂದದ್ದು ಬೆನ್ನುನೋವೇ ಅಲ್ಲ. ಬಲಗಡೆಯ ಪೃಷ್ಠದ ಆಳದಲ್ಲೆಲ್ಲೋ ಒಂದು ನೋವು. ಕೆಲವು ವಾರ ಇದ್ದು ತಾನಾಗಿ ಹೋಗುತ್ತಿತ್ತು, ಮತ್ತೆ ಬರುವಾಗ ಎಡಗಡೆಗೆ ಬರುತ್ತಿತ್ತು. ಆಮೇಲೆ ಸೊಂಟ ಹಿಡಿಯತೊಡಗಿತು. ಬೆಳಗಿನ ಜಾವ ಮೂರರ ಹೊತ್ತಿಗೆ ಎಚ್ಚರವಾಗುತ್ತಿತ್ತು. ಮಗ್ಗುಲು ಬದಲಿಸಬೇಕೆಂದರೆ ಮಂಚದ ಅಂಚು ಹಿಡಿದು ಇಡೀ ಮೈಯನ್ನು ಒಂದೇ ತುಂಡಾಗಿ ತಿರುಗಿಸಬೇಕು. ತಡೆಯಲಾಗದೆ ಎದ್ದು ಜಗಲಿಯಲ್ಲಿ ಅತ್ತಿಂದಿತ್ತ ಓಡಾಡಿದರೆ ಸ್ವಲ್ಪ ಸಡಿಲವಾಗುತ್ತಿತ್ತು. ಬೆಳಿಗ್ಗೆ ಮುಖ ತೊಳೆಯಲು ಬಾಗಿದರೆ ಬೆನ್ನು ಆರಿದ ಬೆಲ್ಲದ ಪಾಕದಂತೆ ಬಿಗಿದುಕೊಂಡಿರುತ್ತಿತ್ತು. ದೋಸೆ ಹೊಯ್ದು, ಬಿಸಿನೀರು ಸುರಿದುಕೊಂಡು, ಬಸ್ಸಿಗೆ ಓಡುವ ಹೊತ್ತಿಗೆ ಅರ್ಧಕ್ಕರ್ಧ ವಾಸಿ. ಬ್ಯಾಂಕಿನ ಕುರ್ಚಿಯಲ್ಲಿ ಊಟದ ಹೊತ್ತಿನವರೆಗೆ ಕುಳಿತು ಎದ್ದರೆ ಮತ್ತೆ ಅದೇ ಬಿಗಿತ. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವ ಕೆಲಸವನ್ನು ಬಿಟ್ಟೇಬಿಟ್ಟೆ. ವಿಚಿತ್ರವೆಂದರೆ ಅದೇ ಅಡಿಕೆಯನ್ನು ಅಂಗಳಕ್ಕೆ ಹೊತ್ತು, ಹರವಿ, ಒಟ್ಟುಮಾಡುವ ಹಗಲಿನ ಕೆಲಸ ಮಾಡಿದ ದಿನ ಮೈ ಹಗುರವಾಗಿರುತ್ತಿತ್ತು.

ಮನೆಯಲ್ಲಿ ಎಲ್ಲರಿಗೂ ಕಾರಣ ಗೊತ್ತಿತ್ತು. ಅತ್ತೆಯ ಪ್ರಕಾರ ಬಾಣಂತನದಲ್ಲಿ ಸರಿಯಾಗಿ ಮಲಗದೆ ಬೇಗ ಎದ್ದು ಓಡಾಡಿದ್ದು. ಅಮ್ಮನ ಪ್ರಕಾರ ಸಿಸೇರಿಯನ್ ಮಾಡುವಾಗ ಬೆನ್ನಿಗೆ ಚುಚ್ಚಿದ ಸೂಜಿ. ಈ ಸೂಜಿಯ ಮಾತನ್ನು ಕೇಳದ ಹೆಣ್ಣುಮಗಳು ನಮ್ಮ ಕಡೆ ಇರಲಾರಳು. ಹೆರಿಗೆಯಾದ ಮೇಲೆ ಬರುವ ಯಾವ ಬೆನ್ನುನೋವನ್ನಾದರೂ ಆ ಸೂಜಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಆದರೆ ವರ್ಷಗಟ್ಟಲೆ ನಸುಕಿನಲ್ಲಿ ಎಬ್ಬಿಸುವ ನೋವಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಬಹಳ ತಡವಾಗಿ ಒಬ್ಬ ವೈದ್ಯರು ನನಗೆ ಹೇಳಿದರು.

ಶಿವಮೊಗ್ಗದ ಮೂಳೆ ವೈದ್ಯರ ಹತ್ತಿರ ಹೋದೆ. ಸೊಂಟದ ಎಂಆರ್‌ಐ ಆಯಿತು. ನಾಲ್ಕನೇ ಮತ್ತು ಐದನೇ ಕಶೇರುಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದು ವರದಿ ಬಂತು. ಅಲ್ಲಿಗೆ ನನ್ನ ನೋವಿಗೆ ಒಂದು ವಿಳಾಸ ಸಿಕ್ಕಿತು ಎಂದು ಎಲ್ಲರೂ ನಿರಾಳರಾದರು. ಸೊಂಟಕ್ಕೆ ಬೆಲ್ಟ್, ಭಾರ ಎತ್ತಬಾರದು, ನೆಲದ ಮೇಲೆ ಚಾಪೆ ಹಾಸಿ ಮಲಗಬೇಕು, ಸಾಧ್ಯವಾದಷ್ಟು ವಿಶ್ರಾಂತಿ. ಚಾಚೂ ತಪ್ಪದೆ ಪಾಲಿಸಿದೆ. ರಜೆ ಹಾಕಿ ಮಲಗಿದ ಆ ವಾರದಷ್ಟು ನೋವನ್ನು ನಾನು ಹೆರಿಗೆಯಲ್ಲೂ ಕಂಡಿರಲಿಲ್ಲ. ಉಬ್ಬಿದ ಡಿಸ್ಕ್ ನೋವಿಲ್ಲದ ಎಷ್ಟೋ ಜನರ ಎಂಆರ್‌ಐಯಲ್ಲೂ ಕಾಣುತ್ತದಂತೆ. ಇನ್ನೊಬ್ಬರು ವಿಟಮಿನ್ ಡಿ ಕಡಿಮೆಯಿದೆ ಎಂದು ವಾರಕ್ಕೊಂದು ಸ್ಯಾಷೆ ಬರೆದರು. ಮತ್ತೊಬ್ಬರು ಸಂಧಿವಾತವಿರಬಹುದೆಂದು ಆರ್‌ಎ ಫ್ಯಾಕ್ಟರ್ ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂದದ್ದನ್ನು ನೋಡಿ ವಾತವಲ್ಲ ಎಂದರು. ನನ್ನ ಕಾಯಿಲೆಯಲ್ಲಿ ಆ ಪರೀಕ್ಷೆ ನೆಗೆಟಿವ್ ಬರುವುದೇ ಸಹಜ. ನಾನೇ ಓದಿಕೊಂಡು ಸ್ಪಾಂಡಿಲೈಟಿಸ್ ಇರಬಹುದೇ ಎಂದು ಒಮ್ಮೆ ಬಾಯಿಬಿಟ್ಟು ಕೇಳಿದ್ದೆ. 'ಅದು ಗಂಡಸರಿಗೆ ಬರುವ ಕಾಯಿಲೆ, ನೀವು ಇಂಟರ್‌ನೆಟ್ ನೋಡುವುದನ್ನು ಬಿಡಿ' ಎಂಬ ಉತ್ತರ ಬಂತು. ಗಂಡಸರಲ್ಲಿ ಹೆಚ್ಚು ಎನ್ನುವುದು ನಿಜ. ಹೆಂಗಸರಿಗೆ ಬರುವುದಿಲ್ಲ ಎನ್ನುವುದು ಸುಳ್ಳು. ಈ ಒಂದು ಮಾತಿನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಡುವೆ ಎಣ್ಣೆ, ಕಷಾಯ, ಶಾಖ ಎಲ್ಲವೂ ನಡೆದವು. ಬೆಚ್ಚಗಿನ ಎಣ್ಣೆ ತಿಕ್ಕಿಸಿಕೊಂಡ ದಿನ ಹಿತವಾಗಿರುತ್ತಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎರಡು ವಿಷಯದಲ್ಲಿ ಎಚ್ಚರಿಕೆ ಹೇಳಲೇಬೇಕು. ಬೆನ್ನನ್ನು ತಿರುಚಿ ಲಟಕ್ಕೆನಿಸಿ ಸರಿಮಾಡುತ್ತೇನೆ ಎನ್ನುವವರ ಬಳಿ ಹೋಗಬೇಡಿ. ಈ ಕಾಯಿಲೆ ಮುಂದುವರಿದವರ ಬೆನ್ನೆಲುಬು ಬೆಸೆದುಕೊಂಡಿರುತ್ತದೆ, ಸಣ್ಣ ಪೆಟ್ಟಿಗೂ ಮುರಿಯಬಹುದು. ಇನ್ನೊಂದು, ಒಳಗೇನಿದೆ ಎಂದು ಬರೆಯದ ಪೊಟ್ಟಣದ ಪುಡಿ. ಎರಡೇ ದಿನದಲ್ಲಿ ನೋವು ಮಾಯವಾಗಿ ಹಸಿವು ಹೆಚ್ಚಿ ಮುಖ ಊದಿಕೊಂಡರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆಯಿದೆ.

ಕೊನೆಗೆ ಬೆನ್ನಿನ ಕಾಯಿಲೆಯನ್ನು ಹಿಡಿದದ್ದು ಕಣ್ಣಿನ ವೈದ್ಯೆ.

ಒಂದು ಬೆಳಿಗ್ಗೆ ಎಡಗಣ್ಣು ಕೆಂಪಾಗಿತ್ತು. ಊರಿನಲ್ಲಿ ಆಗ ಮದ್ರಾಸ್ ಐ ಹರಡಿತ್ತು. ಔಷಧಿ ಅಂಗಡಿಯಲ್ಲಿ ಹನಿ ತೆಗೆದುಕೊಂಡು ಹಾಕಿದರೂ ದಿನದಿಂದ ದಿನಕ್ಕೆ ಹೆಚ್ಚಾಯಿತು. ಪಿಸುರು ಇಲ್ಲ, ಅಂಟುವುದಿಲ್ಲ, ಆದರೆ ಬೆಳಕು ಕಂಡರೆ ಕಣ್ಣಿನೊಳಗೆ ಯಾರೋ ಒತ್ತಿ ಹಿಡಿದ ಹಾಗೆ ನೋವು, ನೋಟವೂ ಮಸುಕು. ಕಣ್ಣಿನ ವೈದ್ಯೆ ಯಂತ್ರದ ಮುಂದೆ ಗಲ್ಲ ಇಡಿಸಿ ಬಹಳ ಹೊತ್ತು ನೋಡಿದರು. ಇದು ಯುವೆಯೈಟಿಸ್, ಕಣ್ಣಿನೊಳಗಿನ ಉರಿಯೂತ ಎಂದರು. ಗಂಟೆಗೊಮ್ಮೆ ಹಾಕುವ ಸ್ಟೀರಾಯ್ಡ್ ಹನಿ, ಪಾಪೆಯನ್ನು ಹಿಗ್ಗಿಸುವ ಇನ್ನೊಂದು ಹನಿ ಬರೆದರು. ಬರೆಯುತ್ತಲೇ ಕೇಳಿದರು: 'ಬೆನ್ನುನೋವು ಇದೆಯೇ? ಮಲಗಿದರೆ ಕಡಿಮೆಯಾಗುತ್ತದೆಯೋ, ಹೆಚ್ಚಾಗುತ್ತದೆಯೋ?'

ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎಷ್ಟು ಭಾರ ಎತ್ತಿದಿರಿ, ಎಲ್ಲಿ ಬಿದ್ದಿರಿ, ಕಾಲು ಜೋಮು ಹಿಡಿಯುತ್ತದೆಯೇ ಎಂದೆಲ್ಲ ಕೇಳಿದ್ದರು. ಉಳುಕು, ಡಿಸ್ಕ್, ಸವೆತದ ನೋವು ವಿಶ್ರಾಂತಿಯಿಂದ ಇಳಿಯುತ್ತದೆ, ದುಡಿಮೆಯಿಂದ ಏರುತ್ತದೆ. ಉರಿಯೂತದ ನೋವು ತಿರುಗಾಮುರುಗಾ. ನಲವತ್ತೈದರೊಳಗೆ ಶುರುವಾಗಿ, ಮೂರು ತಿಂಗಳು ಮೀರಿ ಉಳಿದು, ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸಿ, ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಬಿಗಿ ಹಿಡಿದು, ಓಡಾಡಿದ ಮೇಲೆ ಸಡಿಲವಾಗುವ ನೋವು ನಿಮ್ಮದಾಗಿದ್ದರೆ ಮೂಳೆ ವೈದ್ಯರ ಸರದಿಯಲ್ಲಿ ನಿಲ್ಲುವುದನ್ನು ಬಿಟ್ಟು ರುಮಟಾಲಜಿಸ್ಟ್, ಅಂದರೆ ವಾತ ಮತ್ತು ಕೀಲಿನ ಉರಿಯೂತದ ತಜ್ಞರು, ಒಬ್ಬರನ್ನು ಹುಡುಕಿ. ವೈದ್ಯರು ಕೇಳದಿದ್ದರೂ ಈ ಸಂಗತಿಗಳನ್ನು ನೀವೇ ಮೊದಲು ಹೇಳಿ. ಎಂದಾದರೂ ಕಣ್ಣು ಕೆಂಪಾಗಿ ನೋವಾಗಿದ್ದರೆ, ಹಿಮ್ಮಡಿ ನೋಯುತ್ತಿದ್ದರೆ, ಮೈಮೇಲೆ ಸೋರಿಯಾಸಿಸ್ ಇದ್ದರೆ, ಪದೇಪದೇ ಭೇದಿಯಾಗುತ್ತಿದ್ದರೆ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಹೀಗೇ ಇದ್ದರೆ ಅದನ್ನೂ ಹೇಳಿ. ನಮಗೆ ಸಂಬಂಧವೇ ಇಲ್ಲವೆನ್ನಿಸುವ ಈ ತುಣುಕುಗಳನ್ನು ಅವರು ಒಟ್ಟಿಗೆ ಜೋಡಿಸುತ್ತಾರೆ.

ರುಮಟಾಲಜಿಸ್ಟ್ ಸಿಗುವುದು ನಮ್ಮಂಥ ಊರಿನವರಿಗೆ ಸುಲಭವಲ್ಲ. ಹತ್ತಿರದ ಪೇಟೆಗೆ ತಿಂಗಳಿಗೊಮ್ಮೆ ಬಂದು ಹೋಗುವವರ ಸರದಿ ತುಂಬಿತ್ತು. ಕೊನೆಗೆ ತಾಳಗುಪ್ಪದಿಂದ ಬರುವ ರಾತ್ರಿ ರೈಲು ಹತ್ತಿ ಬೆಂಗಳೂರಿಗೇ ಹೋದೆವು. ಬರ್ತ್ ಇದ್ದರೂ ಮಲಗಲಾರದೆ ಬಾಗಿಲ ಹತ್ತಿರ ನಿಂತು ಬೀರೂರು, ಅರಸೀಕೆರೆ, ತಿಪಟೂರು ಎಲ್ಲವನ್ನೂ ನೋಡಿದೆ.

ವೈದ್ಯರು ಮೊದಲ ಅರ್ಧ ಗಂಟೆ ಯಾವ ವರದಿಯನ್ನೂ ಮುಟ್ಟಲಿಲ್ಲ. ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ ತಲೆಯ ಹಿಂಭಾಗ ಗೋಡೆಗೆ ಮುಟ್ಟುತ್ತದೆಯೇ ನೋಡಿದರು. ಉಸಿರೆಳೆದಾಗ ಎದೆ ಎಷ್ಟು ಹಿಗ್ಗುತ್ತದೆಂದು ಟೇಪಿನಲ್ಲಿ ಅಳೆದರು. ಸೊಂಟದ ಮೇಲೆ 10 ಸೆಂಟಿಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ ಮುಂದಕ್ಕೆ ಬಾಗಿಸಿದರು. ಆರೋಗ್ಯವಂತರಲ್ಲಿ ಆ ಅಂತರ 15ರ ಆಸುಪಾಸಿಗೆ ಹಿಗ್ಗಬೇಕಂತೆ, ನನ್ನದು 13ರ ಬಳಿಯೇ ನಿಂತಿತು. ಹಳೆಯ ಎಂಆರ್‌ಐ ನೋಡಿ, ಇದರಲ್ಲಿ ನಮಗೆ ಬೇಕಾದ ಜಾಗವೇ ಸರಿಯಾಗಿ ಬಂದಿಲ್ಲ ಎಂದರು. ಬೆನ್ನೆಲುಬಿನ ಬುಡದ ತ್ರಿಕಾಸ್ಥಿ ಎರಡೂ ಬದಿಯಲ್ಲಿ ಸೊಂಟದ ಮೂಳೆಯನ್ನು ಕೂಡುವಲ್ಲಿ ಸ್ಯಾಕ್ರೋಇಲಿಯಾಕ್ ಎಂಬ ಕೀಲುಗಳಿವೆ. ಈ ಕಾಯಿಲೆ ಹೆಚ್ಚಿನವರಲ್ಲಿ ಅಲ್ಲಿಂದಲೇ ಶುರುವಾಗುತ್ತದೆ. ಮಾಮೂಲಿ ಸೊಂಟದ ಎಂಆರ್‌ಐ ಆ ಕೀಲುಗಳಿಗಾಗಿ ತೆಗೆಯುವುದಲ್ಲ.

ಇದನ್ನು ಓದುತ್ತಿರುವವರು ಒಂದು ವಿಷಯ ನೆನಪಿಡಿ. ಎಂಆರ್‌ಐಗೆ ಬರೆದುಕೊಟ್ಟಾಗ ಚೀಟಿಯಲ್ಲಿ ಸ್ಯಾಕ್ರೋಇಲಿಯಾಕ್ ಕೀಲುಗಳೆಂದು ಇದೆಯೇ, ಸ್ಟಿರ್ ಎಂಬ ಬಗೆಯ ಚಿತ್ರಗಳೂ ಸೇರಿವೆಯೇ ಎಂದು ಕೇಳಿಕೊಳ್ಳಿ. ಮೂಳೆಯೊಳಗಿನ ಉರಿಯೂತ ಎದ್ದು ಕಾಣುವುದು ಆ ಚಿತ್ರಗಳಲ್ಲಿ. ಕಾಂಟ್ರಾಸ್ಟ್ ಇಂಜೆಕ್ಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಅಷ್ಟು ಹಣ ಉಳಿಯುತ್ತದೆ. ನನಗೆ ಸುಮಾರು 7,000 ರೂಪಾಯಿ ಆಯಿತು. ಅದಕ್ಕೂ ಮೊದಲು ತೆಗೆದ ಸೊಂಟದ ಎಕ್ಸ್‌ರೇ ನಾನ್ನೂರು ರೂಪಾಯಿಯದು, ಅದರಲ್ಲೇ ಎರಡೂ ಕೀಲುಗಳ ಅಂಚು ಸವೆದದ್ದು ಕಾಣುತ್ತಿತ್ತು. ಕಾಯಿಲೆ ಹೊಸತಾಗಿದ್ದರೆ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಅಲ್ಲಿ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಎಕ್ಸ್‌ರೇ ಚೆನ್ನಾಗಿದೆ ಎಂದು ಯಾರಾದರೂ ಮನೆಗೆ ಕಳಿಸಿದರೆ ಅಲ್ಲಿಗೆ ಬಿಡಬೇಡಿ.

ರಕ್ತದಲ್ಲಿ ಎಚ್‌ಎಲ್‌ಎ-ಬಿ27 ಪರೀಕ್ಷೆ ಆಯಿತು, ಸುಮಾರು 2,500 ರೂಪಾಯಿ. ಪಾಸಿಟಿವ್. ಈ ಜೀನ್‌ಗೂ ಈ ಕಾಯಿಲೆಗೂ ಇರುವ ನಂಟು ಗೊತ್ತಾದದ್ದು 1973ರಲ್ಲಿ. ಹಾಗೆಂದು ಜೀನ್ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಬಹುಪಾಲು ಜನ ಜೀವನಪೂರ್ತಿ ಆರಾಮಾಗಿಯೇ ಇರುತ್ತಾರೆ. ಜೀನ್ ಇಲ್ಲದ ಕೆಲವರಿಗೂ ಕಾಯಿಲೆ ಇರುತ್ತದೆ. ಒಂದು ಪಾಸಿಟಿವ್ ವರದಿಯಿಂದಲೇ ಹೆದರುವುದೂ ಒಂದು ನೆಗೆಟಿವ್ ವರದಿಯಿಂದಲೇ ನಿಶ್ಚಿಂತರಾಗುವುದೂ ತಪ್ಪು ಎಂದು ವೈದ್ಯರು ಬಿಡಿಸಿ ಹೇಳಿದರು. ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ನನ್ನಲ್ಲಿ ಬಹುತೇಕ ಮಾಮೂಲಾಗಿತ್ತು. ಅದೂ ಸಾಧ್ಯವಂತೆ.

ಹೆಸರು ಕೇಳಿದಾಗ ನನಗೆ ಅಳು ಬರಲಿಲ್ಲ. ಸಂತೋಷವೇ ಆಯಿತು ಎಂದರೆ ನನ್ನ ಗಂಡನಿಗೆ ಈಗಲೂ ಅರ್ಥವಾಗುವುದಿಲ್ಲ. ಸೋಮಾರಿತನ, ನಾಟಕ, ಮನಸ್ಸಿನ ಕಾಯಿಲೆ ಎಂದೆಲ್ಲ ಎದುರಿಗೂ ಬೆನ್ನ ಹಿಂದೆಯೂ ಕೇಳಿದವಳಿಗೆ ಕಪ್ಪುಬಿಳುಪು ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಆ ಎರಡು ಕೀಲುಗಳು ಸಾಕ್ಷಿ ಹೇಳಿದ ಹಾಗಿತ್ತು. ಅಳು ಬಂದದ್ದು ರೈಲಿನಲ್ಲಿ, ಪೂರ್ತಿ ವಾಸಿಯಾಗುವುದಿಲ್ಲ, ಹದ್ದುಬಸ್ತಿನಲ್ಲಿ ಇಡಬಹುದು ಎಂದ ಮಾತು ತಡವಾಗಿ ತಲೆಗೆ ಇಳಿದಾಗ.

ಚಿಕಿತ್ಸೆ ಶುರುವಾದದ್ದು ನೋವಿನ ಮಾತ್ರೆಯಿಂದ. ಇಲ್ಲಿ ಅದು ನೋವನ್ನು ಮರೆಸುವುದಕ್ಕಷ್ಟೇ ಅಲ್ಲ, ಉರಿಯೂತಕ್ಕೇ ಮೊದಲ ಔಷಧಿ. ಬೇಕೆನಿಸಿದಾಗ ಒಂದು ನುಂಗದೆ ಹೇಳಿದ ಪ್ರಮಾಣದಲ್ಲಿ ತಪ್ಪದೆ ಕೆಲವು ವಾರ ತೆಗೆದುಕೊಂಡು ನೋಡಬೇಕು. ಮೊದಲು ನ್ಯಾಪ್ರೋಕ್ಸೆನ್. ಹೊಟ್ಟೆ ಉರಿ ಸಹಿಸಲಾಗಲಿಲ್ಲ. ಆಮೇಲೆ ಎಟೋರಿಕಾಕ್ಸಿಬ್. ಮೂರನೇ ದಿನ ನಸುಕಿನಲ್ಲಿ ಎಚ್ಚರವಾಗದೆ ಬೆಳಗಾಗಿತ್ತು, ಗಾಬರಿಯಿಂದ ಗಡಿಯಾರ ನೋಡಿದೆ. ಆದರೆ ಅದರಿಂದ ರಕ್ತದೊತ್ತಡ ಏರತೊಡಗಿತು, ಬಿಗಿತವೂ ಅರ್ಧದಷ್ಟೇ ಇಳಿದಿತ್ತು. ಸಲ್ಫಾಸಲಜಿನ್ ಮಾತ್ರೆಯ ಬಗ್ಗೆ ಪರಿಚಯದವರೊಬ್ಬರು ಹೇಳಿದ್ದರು. ಕೈಕಾಲಿನ ಕೀಲು ಊದಿದವರಿಗೆ ಅದು ಉಪಯೋಗ, ಬೆನ್ನೆಲುಬಿಗೆ ಅಲ್ಲ ಎಂದು ವೈದ್ಯರು ಬರೆಯಲಿಲ್ಲ.

ಇದರ ಜೊತೆಗೆ ವ್ಯಾಯಾಮ. ಇದನ್ನು ಔಷಧಿಯ ಚೀಟಿಯಲ್ಲಿ ಮೊದಲ ಸಾಲಿನಲ್ಲೇ ಬರೆದಿದ್ದರು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದರಲ್ಲಿ ದೊಡ್ಡ ಪವಾಡವೇನೂ ಇಲ್ಲ: ಬೆನ್ನನ್ನು ಹಿಂದಕ್ಕೆ ಬಾಗಿಸುವುದು, ಎದೆ ಅಗಲಿಸಿ ಉಸಿರೆಳೆಯುವುದು, ಹೊಟ್ಟೆಯ ಮೇಲೆ ಒಂದಿಷ್ಟು ಹೊತ್ತು ಮಲಗುವುದು, ತೊಡೆಯ ಹಿಂಭಾಗ ಎಳೆಯುವುದು, ದಿಂಬು ತೆಳ್ಳಗಿಡುವುದು. ಬೆನ್ನು ಬೆಸೆಯುವುದೇ ಆದರೆ ನೆಟ್ಟಗೆ ಬೆಸೆಯಲಿ ಎಂಬುದು ಹಿಂದಿನ ಕಾಲದ ಉದ್ದೇಶವಾಗಿತ್ತಂತೆ, ಈಗ ಬೆಸೆಯದ ಹಾಗೆ ಮಾಡುವುದು. ಈಜು ಬಹಳ ಒಳ್ಳೆಯದು ಎಂದರು. ಸಾಗರದ ಸುತ್ತ ನೀರಿಗೇನು ಕೊರತೆಯಿಲ್ಲ, ಹೆಂಗಸೊಬ್ಬಳು ನಿಶ್ಚಿಂತೆಯಿಂದ ಈಜಲು ಜಾಗ ಮಾತ್ರ ಇಲ್ಲ. ಹಾಗಾಗಿ ನಾನು ನಡೆಯುತ್ತೇನೆ. ಬೀಡಿ ಸಿಗರೇಟು ಸೇದುವವರಲ್ಲಿ ಬೆನ್ನೆಲುಬು ಬೇಗ ಕೆಡುತ್ತದೆ ಎಂದು ಅಲ್ಲಿ ಗೋಡೆಗೆ ದೊಡ್ಡದಾಗಿ ಅಂಟಿಸಿದ್ದರು.

ಮಾತ್ರೆ ಸಾಲದು ಎಂದಾದ ಮೇಲೆ ಬಯಾಲಜಿಕ್, ಅಂದರೆ ಜೀವಕೋಶಗಳಿಂದ ತಯಾರಿಸುವ ಔಷಧಿಯ, ಇಂಜೆಕ್ಷನ್ನಿನ ಮಾತು ಬಂತು. ಅದಕ್ಕೂ ಮುಂಚೆ ಬಾಸ್ಡಾಯ್ ಎಂಬ ಪ್ರಶ್ನೆಪತ್ರಿಕೆ. ಆಯಾಸ, ಬೆನ್ನುನೋವು, ಕೀಲುನೋವು, ಮುಟ್ಟಿದರೆ ನೋಯುವ ಜಾಗ, ಬೆಳಗಿನ ಬಿಗಿತ ಎಷ್ಟು, ಅದು ಎಷ್ಟು ಹೊತ್ತು ಎಂದು ಆರು ಪ್ರಶ್ನೆಗಳಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಸರಾಸರಿ 4 ಅಥವಾ ಹೆಚ್ಚಿದ್ದರೆ ಕಾಯಿಲೆ ಚುರುಕಾಗಿದೆ ಎಂದು ಲೆಕ್ಕ. ನಮ್ಮ ಹೆಣ್ಣುಮಕ್ಕಳು ನೋವನ್ನು ಯಾವಾಗಲೂ ಎರಡು ಮೂರು ಅಂಕ ಇಳಿಸಿಯೇ ಹೇಳುತ್ತಾರೆ ಎಂದು ನರ್ಸ್ ನಗುತ್ತ ಹೇಳಿದರು. ಹಿಂದಿನ ವಾರದ ಪರಿಸ್ಥಿತಿ ಹೇಗಿತ್ತೋ ಹಾಗೇ ಬರೆಯಿರಿ. ಮುಂದೆ ವಿಮೆಯವರು ಕೇಳುವ ಕಾಗದಗಳಲ್ಲಿ ಇದೂ ಒಂದು.

ಆಮೇಲೆ ಬಂದ ಅಡ್ಡಿ ನಾನು ನೆನೆಸದೇ ಇದ್ದದ್ದು. ಈ ಇಂಜೆಕ್ಷನ್ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುತ್ತದೆ. ಉರಿಯೂತ ಹಬ್ಬಿಸುವುದು ಅದೇ; ಆದರೆ ಮೈಯಲ್ಲಿ ಅಡಗಿದ ಕ್ಷಯದ ರೋಗಾಣುವನ್ನು ಕಟ್ಟಿಹಾಕಿರುವುದೂ ಅದೇ. ಅದನ್ನು ತಡೆದರೆ ಮಲಗಿದ್ದ ಕ್ಷಯ ಎದ್ದು ಕೂರಬಹುದು. ಹಾಗಾಗಿ ಶುರುಮಾಡುವ ಮುನ್ನ ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ ಎಲ್ಲವೂ ಆಗಬೇಕು. ಕ್ಷಯಕ್ಕೆ ಚರ್ಮದಡಿ ಚುಚ್ಚುವ ಮಾಂಟೂ ಪರೀಕ್ಷೆ ಅಗ್ಗ, ಆದರೆ ಎರಡು ಮೂರು ದಿನ ಬಿಟ್ಟು ಊತ ಅಳೆಸಲು ಮತ್ತೆ ಹೋಗಬೇಕು. ದೂರದವರಾದರೆ ಒಂದೇ ಸಲ ರಕ್ತ ಕೊಟ್ಟು ಬರುವ ಇಗ್ರಾ ಪರೀಕ್ಷೆ ಕೇಳಿ. ನನಗೆ 2,000 ರೂಪಾಯಿಗೆ ಸ್ವಲ್ಪ ಮೇಲಾಯಿತು.

ಇಗ್ರಾ ಪಾಸಿಟಿವ್ ಬಂತು. ಎದೆಯ ಎಕ್ಸ್‌ರೇ ಚೆನ್ನಾಗಿದೆ, ಕೆಮ್ಮಿಲ್ಲ, ಜ್ವರವಿಲ್ಲ. ಇದು ಸುಪ್ತ ಕ್ಷಯ, ಕಾಯಿಲೆಯೂ ಅಲ್ಲ, ಬೇರೆಯವರಿಗೆ ಅಂಟುವುದೂ ಇಲ್ಲ. ನಮ್ಮ ದೇಶದಲ್ಲಿ ಬಹಳ ಜನರಲ್ಲಿ ಹೀಗೆ ಅಡಗಿರುತ್ತದೆ. ಆದರೂ ಆರು ತಿಂಗಳು ದಿನವೂ ಐಸೋನಿಯಜಿಡ್ ಮಾತ್ರೆ, ಜೊತೆಗೆ ಬಿ6 ವಿಟಮಿನ್. ಇಂಜೆಕ್ಷನ್ನನ್ನು ಒಂದು ತಿಂಗಳು ಮಾತ್ರೆ ನುಂಗಿದ ಮೇಲೆ ಶುರುಮಾಡಬಹುದೆಂದರು. ಕೆಲವರಿಗೆ ವಾರಕ್ಕೊಮ್ಮೆಯಂತೆ ಹನ್ನೆರಡು ವಾರಗಳ ಇನ್ನೊಂದು ಕ್ರಮವೂ ಇದೆಯಂತೆ. ತಾಲ್ಲೂಕು ಆಸ್ಪತ್ರೆಯ ಕ್ಷಯರೋಗ ವಿಭಾಗದಲ್ಲಿ ಮಾತ್ರೆಗಳು ಉಚಿತವಾಗಿ ಸಿಕ್ಕವು. ವಿಚಾರಿಸಲು ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದಳು. ಅವಳು ಬಂದದ್ದನ್ನು ಪಕ್ಕದ ಮನೆಯವರು ನೋಡಿದರು. ಮರುದಿನದಿಂದ ನಮ್ಮ ಮಗಳು ಅವರ ಮನೆಗೆ ಆಟಕ್ಕೆ ಹೋದರೆ ಬಾಗಿಲಲ್ಲೇ ಮಾತನಾಡಿಸಿ ಕಳಿಸತೊಡಗಿದರು. ಬೆನ್ನುನೋವಿಗಿಂತ ಅದು ಹೆಚ್ಚು ನೋಯಿಸಿತು. ಆಶಾ ಕಾರ್ಯಕರ್ತೆಯೇ ಹೋಗಿ ಕೂತು ವಿವರಿಸಿದ ಮೇಲೆ ಸರಿಹೋಯಿತು. ಈ ಮಾತ್ರೆಯ ದಿನಗಳಲ್ಲಿ ಯಕೃತ್ತಿನ ಪರೀಕ್ಷೆಯನ್ನು ತಪ್ಪಿಸಬೇಡಿ. ಊಟ ಸೇರದಿದ್ದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಕೂಡಲೇ ತೋರಿಸಬೇಕು.

ಯಾವ ಇಂಜೆಕ್ಷನ್ ಎಂಬ ಚರ್ಚೆಯಲ್ಲಿ ಹಣದ್ದೇ ದೊಡ್ಡ ಪಾತ್ರ. ಆಸ್ಪತ್ರೆಯಲ್ಲಿ ಮಲಗಿಸಿ ರಕ್ತನಾಳಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್, ಎರಡು ವಾರಕ್ಕೊಮ್ಮೆ ಚರ್ಮದಡಿ ನಾವೇ ಚುಚ್ಚಿಕೊಳ್ಳಬಹುದಾದ 40 ಮಿಲಿಗ್ರಾಂ ಅಡಾಲಿಮ್ಯಾಬ್, ಬೇರೆ ದಾರಿಯಲ್ಲಿ ಕೆಲಸ ಮಾಡುವ ಸೆಕುಕಿನುಮ್ಯಾಬ್ ಎಂದೆಲ್ಲ ಇವೆ. ಟೊಫಾಸಿಟಿನಿಬ್ ಎಂಬ ಮಾತ್ರೆ ಇವೆಲ್ಲಕ್ಕಿಂತ ಅಗ್ಗ, ಆದರೆ ಎರಡನೇ ಮಗುವಿನ ವಿಚಾರವನ್ನು ನಾವು ಇನ್ನೂ ಪೂರ್ತಿ ಕೈಬಿಟ್ಟಿರಲಿಲ್ಲವಾದ್ದರಿಂದ ವೈದ್ಯರು ಬೇಡವೆಂದರು. ಮಗು ಬೇಕೆನ್ನುವವರು ಈ ಮಾತನ್ನು ಮೊದಲ ಭೇಟಿಯಲ್ಲೇ ಎತ್ತಿ. ಕೊನೆಗೆ ಅಡಾಲಿಮ್ಯಾಬ್ ಎಂದಾಯಿತು. ಕಣ್ಣಿನ ಉರಿಯೂತಕ್ಕೂ ಅದು ಒಳ್ಳೆಯದು. ಭಾರತದಲ್ಲೇ ತಯಾರಾದ ಅದರ ಬಯೋಸಿಮಿಲರ್, ಅಂದರೆ ಮೂಲ ಔಷಧಿಯನ್ನು ಹೋಲುವ ಅಗ್ಗದ ರೂಪ, 2014ರ ಕೊನೆಯಿಂದ ಸಿಗುತ್ತಿದೆ, ಹಾಗಾಗಿ ನಮ್ಮಂಥವರ ಕೈಗೆ ಎಟುಕುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ ಬೆಲೆ ನೋಡಿ ವಾಪಸು ಬರಬೇಡಿ. ಕಂಪನಿಗಳ ರೋಗಿ ನೆರವಿನ ಯೋಜನೆ ಇದೆಯೇ ಎಂದು ವೈದ್ಯರ ಸಹಾಯಕರನ್ನು ಕೇಳಿ. ನನಗೆ ಒಂದು ಇಂಜೆಕ್ಷನ್‌ಗೆ ಹತ್ತು ಸಾವಿರದ ಒಳಗೇ ಸಿಕ್ಕಿತು, ಅಚ್ಚಾದ ಬೆಲೆ ಅದಕ್ಕಿಂತ ಬಹಳ ಮೇಲಿತ್ತು. ಹಾಗಿದ್ದೂ ತಿಂಗಳಿಗೆ ಎರಡು. ಆ ವರ್ಷದ ಕೆಂಪಡಿಕೆಯ ಒಳ್ಳೆಯ ಪಾಲು ನನ್ನ ತೊಡೆಗೇ ಹೋಯಿತು.

ಔಷಧಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಬಾರದು. ಬೆಂಗಳೂರಿನಿಂದ ತರುವಾಗ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಂಜಿನ ಚೀಲಕ್ಕೂ ಔಷಧಿಗೂ ನಡುವೆ ದಪ್ಪ ಬಟ್ಟೆ ಇಟ್ಟು ಮಡಿಲಲ್ಲಿ ಇಟ್ಟುಕೊಂಡು ಬಂದೆ. ಮನೆಯಲ್ಲಿ ಫ್ರೀಜರಿನ ಗೋಡೆಗೆ ತಾಗದ ಹಾಗೆ ನಡುವಿನ ಅರೆಯಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದರೆ ಎರಡು ಮೂರು ದಿನ ವಿದ್ಯುತ್ ಇರುವುದಿಲ್ಲ. ಫ್ರಿಜ್ಜಿನ ಹೊರಗೆ ಎಷ್ಟು ದಿನ, ಎಷ್ಟು ಉಷ್ಣತೆಯವರೆಗೆ ಇರಬಹುದೆಂದು ಪೆಟ್ಟಿಗೆಯೊಳಗಿನ ಕಾಗದದಲ್ಲಿ ಬರೆದಿರುತ್ತದೆ, ಆ ಕಾಗದವನ್ನು ಎಸೆಯಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ನನ್ನ ಇಂಜೆಕ್ಷನ್‌ಗಳು ಪೇಟೆಯ ಔಷಧಿ ಅಂಗಡಿಯ ಫ್ರಿಜ್ಜಿನಲ್ಲೇ ಇದ್ದವು, ಅವರಲ್ಲಿ ಜನರೇಟರ್ ಇದೆ. ಚುಚ್ಚುವುದಕ್ಕೆ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಟ್ಟರೆ ಉರಿ ಕಡಿಮೆ.

ಮೊದಲೆರಡನ್ನು ಆಸ್ಪತ್ರೆಯಲ್ಲೇ ಕೊಟ್ಟು ಕೆಲವು ಗಂಟೆ ನೋಡಿಕೊಂಡರು. ಮೊದಲನೆಯದರಿಂದ ಏನೂ ಆಗಲಿಲ್ಲ. ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಬಗ್ಗಿ ರಂಗೋಲಿ ಹಾಕುತ್ತಿದ್ದೆ, ಅರ್ಧ ಹಾಕಿದ ಮೇಲೆ ಗೊತ್ತಾಯಿತು ಬಗ್ಗಿದ್ದೇನೆಂದು. ಎಲ್ಲರಿಗೂ ಹೀಗೇ ಆಗುವುದಿಲ್ಲ. ನನ್ನ ಜೊತೆ ಅಲ್ಲಿ ಕೂರುತ್ತಿದ್ದ ಹುಡುಗನೊಬ್ಬನಿಗೆ ಮೂರು ತಿಂಗಳಾದರೂ ಪ್ರಯೋಜನ ಕಾಣದೆ ಬೇರೆ ಔಷಧಿಗೆ ಬದಲಿಸಿದರು.

ರೋಗನಿರೋಧಕ ಶಕ್ತಿಯ ಒಂದು ಭಾಗ ತಗ್ಗುವುದರಿಂದ ಜ್ವರ ಬಂದರೆ ಆ ವಾರದ ಇಂಜೆಕ್ಷನ್ ತಡೆದು ವೈದ್ಯರಿಗೆ ಕರೆ ಮಾಡಬೇಕು. ಜೀವಂತ ರೋಗಾಣುವಿನ ಲಸಿಕೆಗಳು ಬೇಡ. ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ಚಿಂತೆ ಸೇರುತ್ತದೆ. ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತ ಹಬ್ಬಿದಾಗಿನ ಭಯ ಯಾರಿಗೂ ಹೋಗಿಲ್ಲ. ಬೆಂಗಳೂರಿನ ವೈದ್ಯರಿಗೆ ನಾವು ಸೊಪ್ಪಿನ ಬೆಟ್ಟಕ್ಕೆ ಹೋಗುತ್ತೇವೆಂದು ಗೊತ್ತಿರುವುದಿಲ್ಲ, ನಾವೇ ಹೇಳಬೇಕು. ಹೇಳಿದೆ. ಡಿಸೆಂಬರಿನಿಂದ ಮೇವರೆಗೆ ಬೆಟ್ಟಕ್ಕೆ ನಾನು ಹೋಗುವುದಿಲ್ಲ, ಕೊಟ್ಟಿಗೆಗೆ ದರಕು (ಒಣ ಎಲೆ) ತರುವ ಕೆಲಸ ಗಂಡನದ್ದು, ಅವರು ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನಕ್ಕೆ ಹೋಗಬೇಕು. ಉಣುಗು ಕಚ್ಚದಂತೆ ಹಚ್ಚುವ ಎಣ್ಣೆಯನ್ನು ಆರೋಗ್ಯ ಕೇಂದ್ರದಿಂದ ತಂದಿಟ್ಟಿದ್ದೇವೆ.

ವಿಮೆಯ ಕಥೆ ಪ್ರತ್ಯೇಕವಾಗಿ ಹೇಳುವಷ್ಟಿದೆ, ಚಿಕ್ಕದಾಗಿ ಹೇಳುತ್ತೇನೆ. ಸರ್ಕಾರಿ ಆರೋಗ್ಯ ಕಾರ್ಡುಗಳ ಪಟ್ಟಿಯಲ್ಲಿ ಹೆಚ್ಚಾಗಿ ಇರುವುದು ಒಳರೋಗಿ ಚಿಕಿತ್ಸೆಗಳು. ಮನೆಯಲ್ಲಿ ಚುಚ್ಚಿಕೊಳ್ಳುವುದಕ್ಕೆ ನನಗೆ ಅದರಿಂದ ಏನೂ ದೊರೆಯಲಿಲ್ಲ. ನಮ್ಮ ನೌಕರರಿಗೆ ಗುಂಪು ವಿಮೆ ಇದೆ. ಆಸ್ಪತ್ರೆಯಲ್ಲಿ ಪಡೆದ ಇಂಜೆಕ್ಷನ್‌ಗಳ ಹಣ ಕೇಳಿದೆ. ಒಂದು ರಾತ್ರಿಯೂ ದಾಖಲಾಗಿಲ್ಲ, ಇದು ಹೊರರೋಗಿ ಚಿಕಿತ್ಸೆ ಎಂದು ತಿರಸ್ಕರಿಸಿದರು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಿಮೆಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಯೊಂದಿದೆ. ಇಂಜೆಕ್ಷನ್ ಮೂಲಕ ಕೊಡುವ ಮೊನೊಕ್ಲೋನಲ್ ಆ್ಯಂಟಿಬಾಡಿ ಅದರಲ್ಲಿ ಸೇರಿದೆ, ನನ್ನ ಅಡಾಲಿಮ್ಯಾಬ್ ಅದೇ ಬಗೆಯದು; ರಾತ್ರಿ ಉಳಿಯದೆ ಅದೇ ದಿನ ಮನೆಗೆ ಹೋಗುವ ಡೇ ಕೇರ್ ಚಿಕಿತ್ಸೆಯಾಗಿಯೂ ಅದನ್ನು ಪರಿಗಣಿಸಬಹುದು. ಆ ಪುಟವನ್ನು ಲಗತ್ತಿಸಿ, ಯಾಕೆ ಆಸ್ಪತ್ರೆಯಲ್ಲೇ ಕೊಡಬೇಕಾಯಿತು ಎಂದು ವೈದ್ಯರ ಪತ್ರ, ಬಾಸ್ಡಾಯ್ ಅಂಕ, ಎರಡು ಬಗೆಯ ಮಾತ್ರೆ ಸಾಲದೆ ಹೋದದ್ದರ ದಾಖಲೆ, ಇಂಜೆಕ್ಷನ್ ಪೆಟ್ಟಿಗೆಯ ಬ್ಯಾಚ್ ಸಂಖ್ಯೆ ಇರುವ ಚೀಟಿ ಎಲ್ಲವನ್ನೂ ಸೇರಿಸಿ ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. ಉತ್ತರ ಬಾರದಿದ್ದಾಗ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ದೂರು ದಾಖಲಿಸಿದೆ. ಆಮೇಲೆ ಕದಲಿತು. ಪಾಲಿಸಿಯಲ್ಲಿ ಇಂಥ ಚಿಕಿತ್ಸೆಗೆ ಮಿತಿ ಇದ್ದುದರಿಂದ ಪೂರ್ತಿ ಬರಲಿಲ್ಲ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಂತು. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ, ಶುಲ್ಕವಿಲ್ಲ, ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು. ಸ್ವಂತ ಪಾಲಿಸಿ ಮಾಡಿಸುವವರು ಕಾಯಿಲೆಯನ್ನು ಮುಚ್ಚಿಡಬೇಡಿ. ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 2024ರಲ್ಲಿ 4 ವರ್ಷದಿಂದ 3 ವರ್ಷಕ್ಕೆ ಇಳಿಸಿದ್ದಾರೆ.

ಬ್ಯಾಂಕಿನಲ್ಲಿ ವೈದ್ಯರ ಪತ್ರ ಕೊಟ್ಟ ಮೇಲೆ ಎತ್ತರ ಹೊಂದಿಸುವ ಕುರ್ಚಿ ಕೊಟ್ಟರು, ಗಂಟೆಗೊಮ್ಮೆ ಎದ್ದು ಓಡಾಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂಗವಿಕಲರ ಪ್ರಮಾಣಪತ್ರ ಸಿಗುತ್ತದೆಯೇ ಎಂದು ಹಲವರು ಕೇಳಿದರು. ಬೆನ್ನೆಲುಬು, ಸೊಂಟದ ಕೀಲುಗಳ ಚಲನೆ ಶಾಶ್ವತವಾಗಿ ಎಷ್ಟು ಹೋಗಿದೆ ಎಂದು ಅಳೆದು ಹೇಳುತ್ತಾರೆ. 40 ಪ್ರತಿಶತ ಮುಟ್ಟಿದರೆ ಮೀಸಲಾತಿಯಂಥ ಸೌಲಭ್ಯ. ನನ್ನ ಚಲನೆ ಅಷ್ಟು ಕೆಟ್ಟಿಲ್ಲ, ಹಾಗಾಗಿ ನಾನು ಅರ್ಜಿ ಹಾಕಿಲ್ಲ.

ಈಗ ಅಡಿಕೆ ಸುಲಿಯಲು ಕೂರುತ್ತೇನೆ, ಒಂದು ತಾಸಿಗೆ ಎದ್ದುಬಿಡುತ್ತೇನೆ. ಹವೆ ಬದಲಾದಾಗ, ನಿದ್ದೆಗೆಟ್ಟಾಗ ನೋವು ಮರುಕಳಿಸುತ್ತದೆ. ಆಯಾಸ ಮಾತ್ರ ಪೂರ್ತಿ ಹೋಗಿಲ್ಲ, ಅದನ್ನು ಬೇರೆಯವರಿಗೆ ತಿಳಿಸಿ ಹೇಳುವುದೂ ಕಷ್ಟ. ಮುಂದಿನ ವರ್ಷ ಹೀಗೇ ಇದ್ದರೆ ಇಂಜೆಕ್ಷನ್‌ಗಳ ನಡುವಿನ ಅಂತರ ಹೆಚ್ಚಿಸಿ ನೋಡೋಣ ಎಂದಿದ್ದಾರೆ. ಮಗಳಿಗೂ ಎಚ್‌ಎಲ್‌ಎ-ಬಿ27 ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿದೆ. ಬೇಡ, ಲಕ್ಷಣವಿಲ್ಲದ ಮಗುವಿಗೆ ಆ ವರದಿಯಿಂದ ಚಿಂತೆಯ ಹೊರತು ಏನೂ ಸಿಗುವುದಿಲ್ಲ ಎಂದರು. ತಮ್ಮನ ವಿಷಯ ಬೇರೆ. ಮೈಸೂರಿನಲ್ಲಿರುವ ಅವನಿಗೆ ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿ ಊರಲಾಗುತ್ತಿಲ್ಲ, ಸೊಂಟವೂ ಹಿಡಿಯುತ್ತದೆ, ಶೂ ಬದಲಿಸಿ ಎಂದಿದ್ದಾರಂತೆ. ಅವನಿಗೆ ಬರುವ ಸೋಮವಾರ ರುಮಟಾಲಜಿಸ್ಟ್ ಭೇಟಿ ಗೊತ್ತುಮಾಡಿದ್ದೇನೆ. ನನ್ನ ವರದಿಗಳ ಪ್ರತಿ, ಅವನ ಹಳೆಯ ಎಕ್ಸ್‌ರೇ ಫಿಲ್ಮ್, ನೋವು ಯಾವ ಹೊತ್ತಿಗೆ ಬಂದು ಯಾವಾಗ ಇಳಿಯುತ್ತದೆಂದು ಬರೆದ ಒಂದು ಹಾಳೆ, ಇಷ್ಟನ್ನು ಒಯ್ಯಲು ಹೇಳಿದ್ದೇನೆ.